ಹದಿನೇಳನೆಯ ಬಾಬತ್ತು

ಸಚಿವ ಸಂಪುಟದ ಕಚೇರಿಯಲ್ಲಿ ಅವಳನ್ನು ಹೆಸರು ಹಿಡಿದು ಕರೆಯುವವರು ಕಡಿಮೆ. ತಾಳೆಯಕ್ಕ ಎಂದರೆ ಬಾಗಿಲು ಕಾಯುವವನಿಂದ ಹಿಡಿದು ಕಾರ್ಯದರ್ಶಿಯವರೆಗೆ ಎಲ್ಲರಿಗೂ ಗೊತ್ತು. ಹಳೆಯ ಕಾಗದ ಎಡಗಡೆ, ಹೊಸದು ಬಲಗಡೆ ಇಟ್ಟುಕೊಂಡು ಸಾಲು ಸಾಲಾಗಿ ತಾಳೆ ನೋಡುವುದು ಅವಳ ಕೆಲಸ. ಟೈಪಿಸ್ಟಾಗಿ ಸೇರಿದವಳು ಒಂಬತ್ತು ವರ್ಷದಲ್ಲಿ ಆ ಮೇಜಿಗೆ ಬಂದಿದ್ದಳು. “ಒಗೆದ ಕಾಲುಚೀಲಾನೂ ತಾಳೆ ನೋಡ್ದೆ ಮಡಚಲ್ಲ ನಮ್ಮ ಸೊಸೆ” ಎಂದು ಅತ್ತೆ ನಗುತ್ತಿದ್ದರು.

ಹೆರಿಗೆ ರಜೆ ಮುಗಿಸಿ ಅವಳು ಮರಳಿ ನಾಲ್ಕು ತಿಂಗಳಾಗಿತ್ತು. ಅತ್ತೆಗೆ ಮಂಡಿನೋವು, ಗಂಡನಿಗೆ ಬಸ್ ಡಿಪೋದಲ್ಲಿ ಪಾಳಿ ಕೆಲಸ. ಹಾಗಾಗಿ ಮಗಳು ಪುಟ್ಟಿ ಹಗಲೆಲ್ಲ ಕಚೇರಿಯ ನೆಲಮಾಳಿಗೆಯ ಶಿಶುಪಾಲನಾ ಕೇಂದ್ರದಲ್ಲಿ, ಆಯಾಳ ಮಡಿಲಲ್ಲಿ. ಹನ್ನೊಂದು ತೊಟ್ಟಿಲು, ಗೋಡೆಗೆ ಒಣಹಾಕಿದ ಬಿಬ್‌ಗಳ ಸಾಲು, ಕುದಿಸಿದ ಬಾಟಲಿಯ ವಾಸನೆ. ಇಂಥ ಕೇಂದ್ರಗಳು ದೇಶದಲ್ಲಿ ನಾಲ್ಕು ನೂರಕ್ಕೂ ಹೆಚ್ಚು. ಪ್ರತಿ ವರ್ಷ ಮಂತ್ರಿಯೊಬ್ಬರು ಮುಂದುವರಿಕೆಯ ಆದೇಶಕ್ಕೆ ಸಹಿ ಹಾಕಬೇಕು. ಈ ಸಲದ ಗಡುವು ಆ ತಿಂಗಳ ಕೊನೆ. ಸಹಿ ಬೀಳದಿದ್ದರೆ ಮರುದಿನವೇ ಬೀಗ.

ಅಷ್ಟರಲ್ಲಿ ಚುನಾವಣೆ ಮುಗಿದು ಸರ್ಕಾರ ಬದಲಾಯಿತು. ಒಂದೇ ಪಕ್ಷಕ್ಕೆ ಬಹುಮತ ಬರಲಿಲ್ಲ, ಎರಡು ಪಕ್ಷ ಕೈ ಜೋಡಿಸಿದವು. ರಾಷ್ಟ್ರಾಧ್ಯಕ್ಷರು ಕರೆದದ್ದು ಒಬ್ಬರನ್ನು. ಆ ಒಬ್ಬರು ಪ್ರಧಾನಿಯಾಗಿ ತಮ್ಮ ಮಂತ್ರಿಗಳನ್ನು ಆರಿಸಿದರು. ಹನ್ನೊಂದು ಗಂಟೆಗೆ ಪ್ರಮಾಣವಚನ ನಡೆಯಿತು: ಮೊದಲು ಸಂಪುಟ ದರ್ಜೆಯವರು, ಆಮೇಲೆ ರಾಜ್ಯ ಸಚಿವರು. ಪ್ರಮಾಣ ಮಾಡಿದ ಮಾತ್ರಕ್ಕೆ ಕೈಗೆ ಕೆಲಸ ಬಂತೆಂದಲ್ಲ. ಯಾರಿಗೆ ಯಾವ ಖಾತೆ, ಆ ಖಾತೆಯೊಳಗೆ ಯಾವ ಯಾವ ಬಾಬತ್ತು ಎಂಬ ಪಟ್ಟಿಗೆ ರಾಷ್ಟ್ರಾಧ್ಯಕ್ಷರ ಅಂಕಿತ ಬೀಳಬೇಕು. ಅದು ನಾಲ್ಕು ಗಂಟೆಗೆ ಹೊರಡಬೇಕಿತ್ತು.

ಎರಡೂ ಪಕ್ಷಗಳಿಗೆ ಪಾಲು ಸರಿದೂಗಿಸಲು ‘ಕಾರ್ಮಿಕ ಮತ್ತು ಕುಟುಂಬ ಕಲ್ಯಾಣ’ ಖಾತೆಯನ್ನು ಎರಡು ಹೋಳು ಮಾಡಿದ್ದರು. ಹಳೆಯ ಖಾತೆಯಲ್ಲಿ ಹದಿನೇಳು ಬಾಬತ್ತುಗಳಿದ್ದವು. ತಾಳೆಯಕ್ಕ ಹೊಸದನ್ನು ಎಣಿಸಿದಳು. ಕಾರ್ಮಿಕಕ್ಕೆ ಒಂಬತ್ತು, ಕುಟುಂಬಕ್ಕೆ ಏಳು. ಮತ್ತೆ ಎಣಿಸಿದಳು. ಬೆರಳಿಟ್ಟು ಮೂರನೆಯ ಸಲ ಎಣಿಸಿದಳು, ಆಗಲೂ ಹದಿನಾರೇ. ಬಿಟ್ಟುಹೋದದ್ದು ಕೊನೆಯದು: ‘ಉದ್ಯೋಗ ಸ್ಥಳಗಳ ಶಿಶುಪಾಲನಾ ಕೇಂದ್ರಗಳು’. ಅವರು ಇಟ್ಟುಕೊಂಡಿದ್ದಾರೆಂದು ಇವರು, ಇವರು ಇಟ್ಟುಕೊಂಡಿದ್ದಾರೆಂದು ಅವರು.

ಎದುರು ಮೇಜಿನಲ್ಲಿ ಶಾಖೆಯ ಮೇಲ್ವಿಚಾರಕರು. ನಿವೃತ್ತಿಗೆ ಎರಡು ವರ್ಷ ಉಳಿದ ಅವರನ್ನು ಎಲ್ಲರೂ ದೊಡ್ಡಣ್ಣ ಎನ್ನುತ್ತಿದ್ದರು. ಪಟ್ಟಿ ನೋಡಿ ಅವರು ಕನ್ನಡಕ ಹಣೆಗೇರಿಸಿದರು.

“ಗಂಡ ಹೆಂಡಿರ ಜಗಳದಲ್ಲಿ ಕೂಸು ಬಡವಾಯ್ತು ಅಂತಾರಲ್ಲ, ಇದೇ ನೋಡು.”

“ಈಗೇನು ಮಾಡೋದು ದೊಡ್ಡಣ್ಣ?”

“ಮಾಡೋದೇನಿದೆ? ಕೊನೇ ಸಾಲು ಓದು. ಹಂಚದೆ ಉಳಿದಿದ್ದೆಲ್ಲ ಪ್ರಧಾನಿಗಳದ್ದು. ಅವರಿಗಿಂತ ದೊಡ್ಡ ತಾಯಿ ಬೇಕಾ ಮಕ್ಕಳಿಗೆ?”

“ಆ ತಾಯಿಗೆ ಈಗಾಗಲೇ ಹನ್ನೆರಡು ಖಾತೆ ಇದಾವೆ. ತಿಂಗಳು ಮುಗಿಯೋಕೆ ಆರು ದಿನ. ಯಾವ ಕಡತದ ಅಡಿಯಿಂದ ಇದನ್ನ ಎಳೆದು ಸಹಿ ಹಾಕ್ತಾರೆ?”

ದೊಡ್ಡಣ್ಣ ದನಿ ತಗ್ಗಿಸಿದರು. “ನಿನ್ನ ಒಳ್ಳೇದಕ್ಕೆ ಹೇಳ್ತೀನಿ, ಸುಮ್ನಿರು. ನಾಳೆ ಯಾರಾದ್ರೂ ‘ತಾಳೆಯಕ್ಕ ತನ್ನ ತೊಟ್ಟಿಲ ಕಡೆಗೆ ಸರ್ಕಾರಾನೇ ತಿರುಗಿಸ್ಕೊಂಡ್ಳು’ ಅಂದ್ರೆ? ಈ ಶಾಖೆಯಿಂದಾನೇ ಎತ್ತಂಗಡಿ ಮಾಡ್ತಾರೆ.”

ಮಾತು ಸುಳ್ಳಲ್ಲ. ಅವಳು ಎದ್ದು ನೀರು ಕುಡಿದಳು. ಬಾಯಿ ಮುಚ್ಚಿಕೊಂಡರೆ ಕೆಲಸ ಉಳಿಯುತ್ತದೆ. ಪುಟ್ಟಿಯನ್ನು ಬಿಟ್ಟು ಬರಲು ಜಾಗ ಉಳಿಯುವುದಿಲ್ಲ, ಕೆಲಸವಿದ್ದೂ ಇಲ್ಲದಂತೆ. ಕೆಳಗಿನ ಉಳಿದ ಹತ್ತು ತೊಟ್ಟಿಲುಗಳ ತಾಯಂದಿರಿಗೆ ಈ ಸಂಗತಿಯೇ ಗೊತ್ತಿಲ್ಲ. ಗಡಿಯಾರ ಮೂರೂ ಕಾಲು ತೋರಿಸುತ್ತಿತ್ತು. ಎರಡೂ ಪಟ್ಟಿಗಳನ್ನು ಎತ್ತಿಕೊಂಡು ಅವಳು ಕಾರ್ಯದರ್ಶಿಯವರ ಕೋಣೆಗೆ ನಡೆದಳು.

ಕಾರ್ಯದರ್ಶಿ ಮಿತಭಾಷಿ. ಪಟ್ಟಿಯ ಮೇಲೆ ಪೆನ್ಸಿಲ್ ಓಡಿಸಿ ತಾವೇ ಎಣಿಸಿದರು.

“ಹದಿನಾರು. ಹ್ಞೂಂ. ಯಾವ ಕಡೆ ಸೇರ್ಬೇಕಿತ್ತು ಇದು?”

“ಹೇಳೋಕೆ ಮುಂಚೆ ಒಂದು ಮಾತು, ಸರ್. ನನ್ನ ಮಗೂನೂ ಕೆಳಗಡೆ ಅಲ್ಲೇ ಇದೆ.”

ಪೆನ್ಸಿಲ್ ನಿಂತಿತು.

“ಹಾಗಿದ್ರೆ ಆ ಪುಟ ನೀವು ಮುಟ್ಟಬೇಡಿ. ಟೈಪೂ ಬೇರೆಯವರು ಮಾಡ್ಲಿ, ತಾಳೇನೂ ಬೇರೆಯವರು ನೋಡ್ಲಿ.”

“ಸರಿ, ಸರ್.”

“ಈಗ ಹೇಳಿ. ನಿಮ್ಮ ಅಭಿಪ್ರಾಯ ಬೇಡ, ಹಳೇ ಕಡತ ಏನು ಹೇಳುತ್ತೆ?”

“ಕೇಂದ್ರ ಇಡ್ಲೇಬೇಕು ಅನ್ನೋ ನಿಯಮ ಕಾರ್ಮಿಕ ಕಾಯ್ದೇಲಿದೆ, ಸರ್. ಹೋಗಿ ನೋಡೋ ಇನ್ಸ್‌ಪೆಕ್ಟರುಗಳೂ ಆ ಕಡೆಯವರೇ. ಕುಟುಂಬ ಕಲ್ಯಾಣದವರು ಸಲಹೆ ಕೊಡ್ತಾರೆ, ಅಷ್ಟೇ.”

ಕಾರ್ಯದರ್ಶಿ ಫೋನೆತ್ತಿದರು. ಖಾತೆ ಹಂಚುವ ಅಧಿಕಾರ ಪ್ರಧಾನಿಯದು. ಒಂದು ಸಾಲು ಸೇರಿಸಲೂ ಅವರ ಒಪ್ಪಿಗೆ ಬೇಕು. “ದೊಡ್ಡಣ್ಣನ್ನ ಕಳಿಸಿ. ನೀವು ಹೊರಗೆ ಕೂತಿರಿ” ಎಂದರು. ಬಾಗಿಲು ಮುಚ್ಚಿಕೊಂಡಿತು.

ಹೊರಗಿನ ಬೆಂಚಿನ ಮೇಲೆ ಅವಳು ಕೈ ಕಟ್ಟಿ ಕೂತಳು. ಪುಟ್ಟಿಯ ಹಾಲಿನ ಹೊತ್ತಾಗಿತ್ತು. ರವಿಕೆ ಒದ್ದೆಯಾಗತೊಡಗಿ ಸೆರಗು ಎಳೆದುಕೊಂಡಳು. ಒಳಗೆ ಟೈಪಿನ ಸದ್ದು ಕೇಳಿಸಿತು, ನಿಂತಿತು, ಮತ್ತೆ ಕೇಳಿಸಿತು. ನಾಲ್ಕಕ್ಕೆ ಎರಡು ನಿಮಿಷವಿರುವಾಗ ಮೊಹರು ಹಾಕಿದ ಲಕೋಟೆ ಅವಳ ಮುಂದೆಯೇ ಹಾದುಹೋಯಿತು. ಹಿಂದೆ ಬಂದ ದೊಡ್ಡಣ್ಣ ಅವಳ ಕಣ್ಣು ತಪ್ಪಿಸಿದರು.

“ಏನಾಯ್ತು?”

“ಹೇಳಬಾರ್ದು ಅಂದಿದಾರೆ ಕಣಮ್ಮ. ಮಗೂಗೆ ಹಾಲು ಕೊಡು ಹೋಗು.”

ಆ ಸಂಜೆ ಮನೆಯಲ್ಲಿ ಅವಳು ಗಂಡನಿಗೂ ಏನೂ ಹೇಳಲಿಲ್ಲ. ಬೀದಿಯ ಕೊನೆಯಲ್ಲಿ ಮಗು ನೋಡಿಕೊಳ್ಳುವ ಹೆಂಗಸೊಬ್ಬಳಿದ್ದಾಳಲ್ಲ, ಎಷ್ಟು ಕೇಳುತ್ತಾಳೆ ಎಂದಷ್ಟೇ ವಿಚಾರಿಸಿದಳು.

ಬೆಳಿಗ್ಗೆ ರಾಜ್ಯಪತ್ರದ ಕಟ್ಟು ಬಂತು. ಮಸಿ ಇನ್ನೂ ಹಸಿ. ಅವಳು ನಿಂತೇ ಪುಟ ತಿರುವಿದಳು. ಕುಟುಂಬ ಕಲ್ಯಾಣ, ಏಳು. ಕಾರ್ಮಿಕ... ಬೆರಳು ಇಳಿಯಿತು. ಹತ್ತನೆಯದು ಇತ್ತು.

ಹಾಳೆಯನ್ನು ಮಡಚಿಕೊಂಡು ಮೆಟ್ಟಿಲಿಳಿದು ಹೋದಳು. ಆಯಾ ಇಬ್ಬರು ಮಕ್ಕಳನ್ನು ಎರಡೂ ಕಂಕುಳಲ್ಲಿ ಎತ್ತಿಕೊಂಡೇ ಇಣುಕಿ ನೋಡಿದಳು.

“ನಮಗೆ ಈಗ ಯಾರಮ್ಮ ಮಂತ್ರಿ?”

“ಕಾರ್ಮಿಕ ಮಂತ್ರಿ.”

“ಅವರಿಗೆ ಮಕ್ಕಳಿದಾವಾ?”

“ಗೊತ್ತಿಲ್ಲ ಕಣೇ. ಸಹಿ ಹಾಕೋಕೆ ಕೈ ಇದೆ. ಮಧ್ಯಾಹ್ನದೊಳಗೆ ಕೇಂದ್ರ ಮುಂದುವರಿಸೋ ಅರ್ಜಿ ಕಳಿಸು.”