ನೀರುಗಂಟಿ ಕುಳ್ಳಯ್ಯನ ನಡಿಗೆ

ಚುಂಚನಕಟ್ಟೆಯ ನಾಲೆ ನಮ್ಮೂರ ಗದ್ದೆಗಳಿಗೆ ಇಳಿಯುವ ಕಡೆ ಕುಳ್ಳಯ್ಯ ನಲವತ್ತು ವರ್ಷದಿಂದ ನೀರುಗಂಟಿ. ಯಾರ ಗದ್ದೆಗೆ ಯಾವಾಗ ತೂಬು ತೆಗೆಯಬೇಕು, ಯಾವಾಗ ಮುಚ್ಚಬೇಕು ಅನ್ನುವುದು ಅವನ ಕೆಲಸ. ಯಾರ ಕಣ್ಣಿಗಾದರೂ ಬಿದ್ದನೋ, ಆ ದಿನದ ಕೆಲಸ ಕೆಟ್ಟಿತು. ಒಬ್ಬ ಕೈ ಹಿಡಿದು ತನ್ನ ಗದ್ದೆಗೆ ಎಳೆಯುತ್ತಾನೆ, ಇನ್ನೊಬ್ಬ ಕೊರಳಪಟ್ಟಿಗೇ ಕೈ ಹಾಕುತ್ತಾನೆ. ನಾನೂ ಒಂದು ಸಲ ಹಾಕಿದ್ದೇನೆ, ಸುಳ್ಳು ಯಾಕೆ ಹೇಳಲಿ. ಅದಕ್ಕೇ ಅವನು ಯಾರಿಗೂ ಕಾಣದ ಹಾಗೆ ನಡೆಯುವುದನ್ನು ಕಲಿತ. ಬೆಳಗಿನ ಮಂಜಿನಲ್ಲಿ ಅವನು ಬಲಭುಜದ ಮೇಲೆ ಗುದ್ದಲಿ ಹೊತ್ತು ಬದುವಿನ ಮೇಲೆ ಹಾದು ಹೋದರೆ ಕಪ್ಪೆ ವಟಗುಟ್ಟುವುದನ್ನು ನಿಲ್ಲಿಸುವುದಿಲ್ಲ, ಕೊಕ್ಕರೆ ಕತ್ತು ಹೊರಳಿಸುವುದಿಲ್ಲ. ಗದ್ದೆಯಲ್ಲಿ ನೀರು ಹೊಳೆದಾಗಲೇ ಅವನು ಬಂದು ಹೋದದ್ದು ನಮಗೆ ಗೊತ್ತಾಗುವುದು.

ಹೋದ ವರ್ಷ ನಾಟಿಯ ಹೊತ್ತಿಗೆ ಗೌರೀಶ್ ಅನ್ನುವ ನಟ ಬಂದಿದ್ದ. ಟಿವಿಯ ಹೊಸ ಗೂಢಚಾರ ಧಾರಾವಾಹಿಗೆ ಅವನೇ ನಾಯಕ. ಅವನ ಡ್ರೈವರ್ ನಮ್ಮೂರ ಅಳಿಯ, ಅವನೇ ಕುಳ್ಳಯ್ಯನ ವಿಷಯ ಹೇಳಿದ್ದನಂತೆ. ಕೆ.ಆರ್. ನಗರದಲ್ಲಿ ರೂಮು ಮಾಡಿಕೊಂಡು ಹನ್ನೊಂದು ದಿನ, ಬೆಳಕು ಹರಿಯುವ ಹೊತ್ತಿಗೆ ಬಂದು ಕುಳ್ಳಯ್ಯನ ಹಿಂದೆ ಹಿಂದೆ ನಡೆದ. ಮೊದಲ ದಿನ ಕೆಸರಿಗೆ ಬಿದ್ದನಂತೆ. ಕೊನೆಯ ದಿನ ಕಪ್ಪೆಗಳು ಇಬ್ಬರಿಗೂ ಸುಮ್ಮನಾಗಲಿಲ್ಲವಂತೆ. ಇದನ್ನೆಲ್ಲ ಕುಳ್ಳಯ್ಯನೇ ನನಗೆ ಹೇಳಿದ್ದು, ಹರಿಯುವ ನೀರು ನೋಡುತ್ತಾ, ಕಂಡ ಕನಸು ಹೇಳುವವನ ಹಾಗೆ. ಬೇರೆ ಯಾರೂ ಆ ನಟನನ್ನು ಕಂಡಿರಲಿಲ್ಲ.

ಕುಳ್ಳಯ್ಯ ತನ್ನ ಹೆಂಡತಿ ಚಾಮುಂಡಮ್ಮನಿಗೆ ಹೇಳಿದಾಗ ಅವಳು ಹೊಟ್ಟೆ ಹಿಡಿದುಕೊಂಡು ನಕ್ಕಳು.

"ನಿನ್ನಿಂದೆ ಯಾವ್ದೋ ಕೊಕ್ಕರೆ ಬಂದಿರ್ಬೇಕು ಕಣ, ಬುಡು."

ಊರೆಲ್ಲ ನಕ್ಕಿದ್ದರೂ ಅವನು ತಲೆ ಕೆಡಿಸಿಕೊಳ್ಳುತ್ತಿರಲಿಲ್ಲ. ಅವಳ ಆ ನಗು ಮಾತ್ರ ಎದೆಯಲ್ಲಿ ಕೂತುಬಿಟ್ಟಿತು. ಧಾರಾವಾಹಿ ಬರಬೇಕು, ಅವಳು ನೋಡಬೇಕು, ನಂಬಬೇಕು. ಆಮೇಲೆ ಅವನಿಗೆ ಬೇರೆ ಆಸೆಯೇ ಇರಲಿಲ್ಲ.

ಶುರುವಾಗುವ ಮುಂಚಿನ ವಾರ ಗೌರೀಶನ ಸಂದರ್ಶನ ಬಂತು. ಈ ನಡಿಗೆ ಎಲ್ಲಿ ಕಲಿತಿರಿ ಅಂತ ಕೇಳಿದ್ದಕ್ಕೆ, ಒಬ್ಬ ಗುರುಗಳ ಹತ್ತಿರ ಅಂದು ನಕ್ಕ. ಹೆಸರಿಲ್ಲ, ಊರಿಲ್ಲ. ನನಗೆ ಮೈಯೆಲ್ಲ ಉರಿದುಹೋಯಿತು. ನಾಲಿಗೆ ಬಿದ್ದುಹೋಗಿತ್ತಾ ಅಂತ ಟಿವಿಯನ್ನೇ ಬೈದೆ. ಪಕ್ಕದಲ್ಲೇ ಕೂತು ನೋಡುತ್ತಿದ್ದ ಕುಳ್ಳಯ್ಯ ನನ್ನ ಮೊಣಕಾಲು ಅದುಮಿ ಕೂರಿಸಿದ.

"ಯೆಸ್ರು ಯೋಳ್ಬ್ಯಾಡ ಅಂತ ನಾನೇ ಯೋಳಿದ್ದೆ ಕಣ್ಲಾ. ನಾಳೀಕೆ ಜನ ನನ್ನ ನೋಡಾಕೆ ಬಂದು ನಿಂತ್ಕಂಡ್ರೆ, ನೀರು ಬುಡೋರು ಯಾರು?"

ಇಂಥವನಿಗೆ ಏನು ಹೇಳುವುದು. ಇದ್ದ ಒಂದು ಸಾಕ್ಷಿಯನ್ನೂ ಅವನೇ ಕೈಯಾರೆ ಕಳೆದುಕೊಂಡಿದ್ದ.

ಶನಿವಾರ ಸಂಜೆ ಏಳಕ್ಕೆ ನಮ್ಮ ಮನೆಯಲ್ಲೇ ಟಿವಿ ಹಾಕಿದೆವು. ಚಾಮುಂಡಮ್ಮ ಚಾಪೆಯ ಮೇಲೆ ಕೂತು ಮೊರದ ತುಂಬ ಅವರೆಕಾಯಿ ಬಿಡಿಸುತ್ತಿದ್ದಳು. ಕುಳ್ಳಯ್ಯ ಹೊಸ್ತಿಲ ಹತ್ತಿರ ಮುದುರಿಕೊಂಡಿದ್ದ. ಪರದೆಯ ಮೇಲೆ ಯಾವುದೋ ದೂರದೇಶದ ಊರು. ಮಂಜೋ ಮಂಜು. ಉದ್ದಕ್ಕೆ ಒಂದು ಕಲ್ಲಿನ ಸೇತುವೆ, ಅದರ ಮೇಲೆ ಕರಿ ಕೋಟಿನ ಜನ. ಅವರ ನಡುವೆ ಗೌರೀಶ್ ಬರುತ್ತಿದ್ದ, ಯಾರೂ ಅವನನ್ನು ನೋಡುತ್ತಿರಲಿಲ್ಲ. ಕೈಯಲ್ಲಿ ಏನೂ ಇಲ್ಲ. ಆದರೂ ಬಲಭುಜ ಒಂದು ಬೆರಳಷ್ಟು ಮೇಲೆ, ಕತ್ತು ಎಡಕ್ಕೆ ಒಂದಿಷ್ಟೇ ವಾಲಿದೆ. ಆ ಸೇತುವೆಯ ಕೆಳಗೆ ಹರಿಯುತ್ತಿರುವುದು ನಮ್ಮ ನಾಲೆಯೇ ಅಂತ ಒಂದು ಗಳಿಗೆ ನನಗೆ ಅನ್ನಿಸಿಬಿಟ್ಟಿತು.

ಚಾಮುಂಡಮ್ಮನ ಕೈ ನಿಂತಿತು. ನಾನು ಬಾಯಿ ತೆರೆಯುವುದರಲ್ಲಿದ್ದೆ, ಕುಳ್ಳಯ್ಯ ಬೇಡ ಅಂತ ಕಣ್ಣಲ್ಲೇ ತಡೆದ. ಅವಳು ಪರದೆಯಿಂದ ಕಣ್ಣು ತೆಗೆಯದೆ ಕೇಳಿದಳು.

"ಗುದ್ಲಿಯ ಎಲ್ ಬುಟ್ಬಂದ ಇವ್ನು?"

ಅವನು ಸೇತುವೆ ದಾಟಿ ಮಂಜಿನಲ್ಲಿ ಕರಗುವ ತನಕ ಅವಳು ಹಾಗೇ ನೋಡಿದಳು. ಆಮೇಲೆ ಮೊರವನ್ನು ಪಕ್ಕಕ್ಕೆ ಸರಿಸಿ ಚಾಪೆಯಲ್ಲಿ ಜಾಗ ಮಾಡಿದಳು.

"ಅಲ್ಲೇನ್ ಕುಂತಿದ್ದೀಯೆ, ಬಾ ಇಲ್ಲಿ. ನೀನ್ ಎಂಗ್ ನಡೀತೀಯ ಅಂತ ನೋಡ್ಕೊ."

ಕುಳ್ಳಯ್ಯ ಎದ್ದು ಬಂದು ಅವಳ ಪಕ್ಕ ಕೂತ. ಅಷ್ಟರಲ್ಲಿ ಸೋಪಿನ ಜಾಹೀರಾತು ಬಂತು. ಇಬ್ಬರೂ ಅದನ್ನೇ ಕಣ್ಣು ಮಿಟುಕಿಸದೆ ನೋಡುತ್ತಾ ಕೂತರು.