ಆಚೆ ದಡದ ದೊಡ್ಡವ್ವ

ರಸ್ತೆ ಕೆಲಸದವರು ಡಾಂಬರು ಕಾಯಿಸುವ ವಾಸನೆ ಮೂಗಿಗೆ ಬಡಿದರೆ ನನಗೆ ಇಂದಿಗೂ ಹೊಳೆ ನೆನಪಾಗುತ್ತದೆ. ಹೇಮಾವತಿಯ ಕಡವಿನಲ್ಲಿ ಅಂಬಿಗ ಮಾದಯ್ಯ ಹರಿಗೋಲನ್ನು ಬೋರಲು ಹಾಕಿ, ಅದರ ತಳಕ್ಕೆ ಬಿಸಿ ಡಾಂಬರು ಬಳಿಯುತ್ತಿದ್ದ. ಈಚೆ ದಡದಲ್ಲಿ, ಹೊಳೆನರಸೀಪುರದ ಕಡೆಗೆ, ನಮ್ಮ ಮನೆ. ಆಚೆ ದಡದಲ್ಲಿ, ಅರಕಲಗೂಡಿನ ದಾರಿ ಹೊಳೆಯಿಂದ ಮೇಲೇರುವಲ್ಲಿ, ಅವ್ವನ ಅಕ್ಕ, ಅಂದರೆ ನಮ್ಮ ದೊಡ್ಡವ್ವನ ಮನೆ. ಚಿಕ್ಕ ವಯಸ್ಸಿಗೇ ಗಂಡನನ್ನು ಕಳೆದುಕೊಂಡ ಆಕೆಗೆ ಮಕ್ಕಳಿರಲಿಲ್ಲ. ಆದರೂ ಅವಳ ಜಗಲಿ ಖಾಲಿ ಇದ್ದದ್ದನ್ನು ನಾನು ಕಂಡವಳಲ್ಲ. ಚನ್ನರಾಯಪಟ್ಟಣದ ಕಡೆಯ ಕಾಯಿ ವ್ಯಾಪಾರಿಗಳು, ಕೊಣನೂರು ಸಂತೆ ಮುಗಿಸಿ ಬಂದವರು, ತವರಿಗೆ ಹೋಗುವ ಬಸುರಿಯರು, ಎಲ್ಲರೂ ಹರಿಗೋಲಿಗೆ ಕಾಯುತ್ತ ಅಲ್ಲೇ ಕೂರುತ್ತಿದ್ದರು. ಹೊಳೆ ತುಂಬಿದರೆ ಅಲ್ಲೇ ಉಳಿಯುತ್ತಿದ್ದರು. ಸುಟ್ಟ ರೊಟ್ಟಿಯ ಹೊಗೆ, ಮಜ್ಜಿಗೆಗೆ ಹಿಂಡಿದ ಹೇರಳೆಕಾಯಿಯ ಘಮ, ಒದ್ದೆ ಕಂಬಳಿಯ ವಾಸನೆ. ರಜೆ ಬಂತೆಂದರೆ ನಾನು ಅಲ್ಲಿ ಯಾರ ಯಾರದೋ ಮಡಿಲಲ್ಲಿ ನಿದ್ದೆ ಹೋಗುತ್ತಿದ್ದೆ.

ನಾನು ಮಿಡ್ಲ್‌ಸ್ಕೂಲಿಗೆ ಸೇರುವ ಹೊತ್ತಿಗೆ ಹೊಳೆಯ ಮೇಲುಗಡೆ, ಕಡವಿನಿಂದ ಬಹು ದೂರದಲ್ಲಿ, ಸೇತುವೆಯಾಗಿ, ಬಸ್ಸು ಅತ್ತಲಿಂದ ಓಡತೊಡಗಿತು. ಕಡವಿಗೆ ಬರುವವರು ಕಡಿಮೆಯಾದರು. ಕೊನೆಗೊಂದು ದಿನ ಮಾದಯ್ಯ ಹರಿಗೋಲನ್ನು ದಡಕ್ಕೆಳೆದಿಟ್ಟು, "ಬತ್ತೀನಿ ಕಣವ್ವಾ" ಎಂದು ದೊಡ್ಡವ್ವನಿಗೆ ಹೇಳಿ ಮಗಳ ಊರಿಗೆ ಹೋದವನು ಮತ್ತೆ ಬರಲಿಲ್ಲ. ದಾರಿಗೆ ಜಲ್ಲಿ ಹಾಕಿಸುವವರಿಲ್ಲದೆ ಗಾಡಿಜಾಡಿನಲ್ಲಿ ಮುಳ್ಳು ಬೆಳೆಯಿತು. ಬಸ್ಸು ಬಂದ ಖುಷಿಯಲ್ಲಿ ನಾವ್ಯಾರೂ ಅದನ್ನು ಗಮನಿಸಲಿಲ್ಲ; ನಿಮ್ಮೂರಲ್ಲೂ ಹಾಗೇ ಆಗಿದ್ದೀತು. ಕಣ್ಣೆದುರಿಗೇ ಇದ್ದ ಅಕ್ಕನ ಮನೆಗೆ ಅವ್ವ ಈಗ ಎರಡು ಬಸ್ಸು ಹತ್ತಿಳಿದು, ಉಳಿದ ದಾರಿ ನಡೆಯಬೇಕಿತ್ತು. ಬರಬರುತ್ತ ಹೋಗುವುದೇ ನಿಂತಿತು. ಅಕ್ಕತಂಗಿಯರು ಬಟ್ಟೆ ಒಗೆಯುವ ನೆಪದಲ್ಲಿ ತಂತಮ್ಮ ದಡಕ್ಕೆ ಬಂದು ಕೂಗಿ ಮಾತಾಡುತ್ತಿದ್ದರು.

"ಇಲ್ಲಿಗೇ ಬಂದ್ಬುಡಕ್ಕಾ! ಒಬ್ಬಳೇ ಎಂಗಿದ್ದೀಯೆ?" ಎಂದು ಅವ್ವ.

"ದಾರಿಲಿ ಯಾರಾದ್ರೂ ಬಂದ್ರೆ ನೀರು ಕೊಡೋರು ಬ್ಯಾಡ್ವೇನೇ?" ಎಂದು ದೊಡ್ಡವ್ವ.

ಗಾಳಿ ಜೋರಾದರೆ ಮಾತು ತಲುಪುತ್ತಿರಲಿಲ್ಲ. ಆಗ ಇಬ್ಬರೂ ಸುಮ್ಮನೆ ನಿಂತು ಒಬ್ಬರನ್ನೊಬ್ಬರು ನೋಡುತ್ತಿದ್ದರು.

ಒಂದು ಬೇಸಿಗೆಯಲ್ಲಿ ನೀರು ಮೊಣಕಾಲಿಗೆ ಇಳಿದಾಗ ದೊಡ್ಡವ್ವ ಸೀರೆ ಎತ್ತಿಕಟ್ಟಿ, ತಲೆಯ ಮೇಲೆ ಗಂಟು ಹೊತ್ತು, ಹೊಳೆಯಲ್ಲಿ ನಡೆದೇ ಬಂದಳು. ಅವ್ವ ನೀರಿಗಿಳಿದು ಕೈಹಿಡಿದಳು. "ಮಾತೇ ಮರ್ತೋಯ್ತಾ ಇತ್ತು ಕಣೇ. ಬೆಳಿಗ್ಗೆ ಕೋಳಿ ಕರ್ಯಕ್ಕೋದ್ರೆ ದನೀನೇ ಬರ್ನಿಲ್ಲ" ಎಂದಳು ದೊಡ್ಡವ್ವ. ಅವ್ವ ಅತ್ತಳು, ದೊಡ್ಡವ್ವ ಅಳಲಿಲ್ಲ.

ಆಮೇಲೆ ಅವಳು ಬಹಳ ವರ್ಷ ನಮ್ಮಲ್ಲೇ ಇದ್ದಳು. ಹೊಳೆಯ ಕಡೆಗೆ ಮಾತ್ರ ಹೋಗುತ್ತಿರಲಿಲ್ಲ. ಆಚೆ ಮನೆಯ ಹೆಂಚನ್ನು ಯಾರು ಯಾರೋ ಇಳಿಸಿಕೊಂಡು ಹೋದರು. ಒಂದು ಮಳೆಗಾಲದಲ್ಲಿ ಗೋಡೆ ಕುಸಿದದ್ದನ್ನು ನೋಡಿಬಂದ ಅವ್ವ ಹೇಗೆ ಹೇಳುವುದೆಂದು ತಿಳಿಯದೆ ಹೊಸ್ತಿಲಲ್ಲೇ ನಿಂತು ಹೇಳಿದಳು. ದೊಡ್ಡವ್ವ ಅಕ್ಕಿ ಕೇರುತ್ತಿದ್ದಳು. ಮೊರ ನಿಂತಿತು.

"ಜಗಲಿ ಮ್ಯಾಲೆ ಯಾರೂ ಇರ್ನಿಲ್ಲ ತಾನೇ?"

"ಇಲ್ಲ ಕಣಕ್ಕಾ. ಯಾರೂ ಇರ್ನಿಲ್ಲ."