ಅಂಥ ಬೇಡಿಕೆ ಬಂದಿಲ್ಲ

ನನ್ನ ದೊಡ್ಡಮ್ಮನ ಮಗ ದೆಹಲಿಯಲ್ಲಿ ರಾಜ್ಯ ಸಚಿವನಾದ ದಿನ ಕಂಬಂ ಕಣಿವೆಯ ಓಡೈಪಟ್ಟಿಯ ನಮ್ಮ ಬೀದಿಯಲ್ಲಿ ಪಟಾಕಿ ಹಚ್ಚಿದವನು ನಾನೇ. ಅದನ್ನು ಮುಚ್ಚಿಟ್ಟು ಪ್ರಯೋಜನವಿಲ್ಲ. ಗೂಡಲೂರಿನಿಂದ ದಿಂಡಿಗಲ್‌ವರೆಗೆ ಯಾವ ಮದುವೆಯಾದರೂ ಮುಂದಿನ ಸಾಲಿನಲ್ಲಿ ಕೂರುವುದು, ತನಗಿಂತ ದೊಡ್ಡವರ ಕಾರಿನ ಬಾಗಿಲು ತೆಗೆಯುವುದು, ಅವನ ರಾಜಕೀಯ ಇಷ್ಟೇ. ದೆಹಲಿಗೆ ಅಷ್ಟು ಸಾಕಾಯಿತು.

ಆ ವರ್ಷ ಕೊಯ್ದ ದ್ರಾಕ್ಷಿ ಮಳೆಗೆ ಬುಟ್ಟಿಯಲ್ಲೇ ಕೊಳೆಯಿತು. ಊರಿಗೊಂದು ಶೀತಲ ಗೋದಾಮು ಬೇಕೆಂದು ನಾನು ಮನವಿ ಬರೆದೆ. ಅದನ್ನು ಅವನ ಕೈಗೆ ಕೊಡಲು ದೆಹಲಿಗೆ ನನ್ನ ಜೊತೆ ಅಮ್ಮನೂ ಹೊರಟಳು. ತನ್ನ ಅಕ್ಕ ತೀರಿಕೊಂಡ ಮೇಲೆ ಅವನನ್ನು ಐದು ವರ್ಷ ಸಾಕಿದವಳು ಅವಳು.

ದೆಹಲಿಯ ಬಂಗಲೆಯಲ್ಲಿ ಅವನು ಅಮ್ಮನ ಕಾಲು ಮುಟ್ಟಿದ. ಫೋಟೋ ಸರಿಯಾಗಿ ಬರಲಿಲ್ಲವೆಂದು ಮತ್ತೊಮ್ಮೆ ಮುಟ್ಟಿದ. ಮನವಿಯನ್ನು ತೆರೆದೂ ನೋಡದೆ ಸಹಾಯಕನ ಕೈಗಿಟ್ಟು, "ನಾಳೆ ಪಾರ್ಲಿಮೆಂಟಿಗೆ ಬಾ ಚಿಕ್ಕಮ್ಮ, ನಾನು ಮಾತಾಡೋದ ನೋಡು" ಎಂದು ಪಾಸು ಕೊಡಿಸಿದ.

ಮರುದಿನ ಮೇಲಿನ ಗ್ಯಾಲರಿಯಲ್ಲಿ ಕೂತೆವು. ಬೇರೆ ಯಾವುದೋ ರಾಜ್ಯದ ಸದಸ್ಯರೊಬ್ಬರು ಎದ್ದು, ಕಂಬಂ ಕಣಿವೆಯ ದ್ರಾಕ್ಷಿ ಬೆಳೆಗಾರರು ಗೋದಾಮು ಕೇಳಿದ್ದಾರೆಯೇ ಎಂದು ಪ್ರಶ್ನಿಸಿದರು. ನಮ್ಮವನು ಎದ್ದ. ಕಾಗದ ನೋಡಿಕೊಂಡು, ತಡವರಿಸುವ ಇಂಗ್ಲಿಷಿನಲ್ಲಿ, ಅಂಥ ಯಾವ ಬೇಡಿಕೆಯೂ ಬಂದಿಲ್ಲವೆಂದು ಓದಿ ಕೂತ. ಕೂತವನು ತಲೆಯೆತ್ತಿ ಗ್ಯಾಲರಿಯಲ್ಲಿ ನಮ್ಮನ್ನು ಹುಡುಕಿ ನಕ್ಕ.

"ಏನ್ ಹೇಳ್ದ?" ಎಂದಳು ಅಮ್ಮ.

ಹೇಳಿದೆ. "ಹಂಗಾದ್ರೆ ನಿನ್ನೆ ನಾವು ಕೊಟ್ಟಿದ್ದೇನು?" ಎಂದಳು ಅವಳು. ಕಾವಲಿನವನು ಮಾತಾಡಬೇಡಿ ಎಂದು ಸನ್ನೆ ಮಾಡಿದ.

ಮುಂದಿನ ಚುನಾವಣೆಗೆ ಅವನು ಬೇರೆ ಪಕ್ಷದ ಶಾಲು ಹೊದ್ದು ಬಂದ. ಮಾರ್ಕಯನ್‌ಕೋಟ್ಟೈ ಕಡೆ ಪ್ರಚಾರ ಮುಗಿಸಿ ನಮ್ಮ ಮನೆ ಹೊಕ್ಕವನು, ಕೇಳದಿದ್ದರೂ ತಾನೇ ಶುರು ಮಾಡಿದ: "ಆಫೀಸರು ಬರೆದುಕೊಟ್ಟಿದ್ದ ಓದ್ದೆ ಚಿಕ್ಕಮ್ಮ. ನನ್ ಕೈಲಿ ಏನಿತ್ತು?"

"ಕಾಗ್ದ ಇತ್ತಲ್ಲಪ್ಪ" ಎಂದಳು ಅಮ್ಮ. ಊಟಕ್ಕೆ ಏಳು ಎನ್ನಲಿಲ್ಲ. ನಮ್ಮ ಮನೆಯಲ್ಲಿ ಊಟದ ಹೊತ್ತಿಗೆ ಬಂದವರಿಗೆ ಹಾಗಾದದ್ದನ್ನು ನಾನು ಕಂಡದ್ದು ಅದೊಂದೇ ಸಲ.

ಅವನು ಗೆದ್ದ. ಈಗ ಮತ್ತೆ ದೆಹಲಿಯಲ್ಲಿ ಯಾವುದೋ ಸಮಿತಿಯಲ್ಲಿದ್ದಾನೆ. ಓಟಿನ ದಿನ ಅಮ್ಮ ತೋಟದಿಂದ ಕದಲಲೇ ಇಲ್ಲ. ನಾನು ಹೋದೆ. ಈ ತಮಿಳು ಸೀಮೆಯಲ್ಲಿ ಮನೆಯೊಳಗೆ ಕನ್ನಡ ಆಡುವ ನಮ್ಮ ಜನದಲ್ಲಿ ಒಬ್ಬನಾದರೂ ಅಲ್ಲಿರಲಿ ಎಂದುಕೊಂಡು ಅವನ ಗುರುತಿಗೇ ಒತ್ತಿದೆ. ಅವನನ್ನು ಹೀನಾಯವಾಗಿ ಬೈಯುವಾಗೆಲ್ಲ ಗುಂಡಿ ಒತ್ತಿದ ಈ ಬೆರಳು ನನಗೆ ಕಾಣುತ್ತದೆ. ಅಮ್ಮನಿಗೆ ಇನ್ನೂ ಹೇಳಿಲ್ಲ.